ಸ್ಥಾಪಕರ ಹುಟ್ಟೂರು

ಅಸಾರೆಕ್ರೊಮ್ ಪ್ರಾಂತ್ಯದಲ್ಲಿ ಸ್ಥಳೀಯರು ಹುಟ್ಟುಹಾಕಿ ಬೆಳೆಸಿದ ಉದ್ಯಮಗಳು ಎಷ್ಟಿವೆ ಎಂಬುದು ಸರ್ಕಾರಕ್ಕೆ ತಿಳಿದಿರಲಿಲ್ಲ. ಸರ್ಕಾರಕ್ಕೆ ತಿಳಿಯದೆಯೇ ಅವು ಬೆಳೆಯುತ್ತಿದ್ದವು ಎಂಬ ಸಂಗತಿ ಗಂಭೀರವಾದದ್ದೆಂದು ಪರಿಗಣಿಸಿ, ಅವುಗಳನ್ನು ಪ್ರೋತ್ಸಾಹಿಸಲು ಸ್ವದೇಶಿ ಉದ್ಯಮ ಮಾನ್ಯತಾ ಕಚೇರಿಯನ್ನು ತೆರೆಯಲಾಯಿತು. ಪ್ರೋತ್ಸಾಹದ ಮೊದಲ ಹೆಜ್ಜೆಯಾಗಿ, ಮಾನ್ಯತಾ ಪತ್ರವಿಲ್ಲದ ಯಾರೂ ಬಸ್ ನಿಲ್ದಾಣದ ಆವರಣದಲ್ಲಿ ವ್ಯಾಪಾರ ಮಾಡಕೂಡದೆಂಬ ಆಜ್ಞೆ ಹೊರಟಿತು.

ನಿಲ್ದಾಣದ ಗೇಟಿಗೆ ಒತ್ತಿಕೊಂಡೇ ಮಾಮೆ ಬ್ರಾಗೊಳ ಶೆಡ್ಡು. ಅಲ್ಲಿ ತಯಾರಾಗುವುದು ಶಿಟೊ. ಮೆಣಸಿನಕಾಯಿ, ಶುಂಠಿ, ಒಣಮೀನು, ಒಣಸೀಗಡಿಯ ಪುಡಿಯನ್ನು ಎಣ್ಣೆಯಲ್ಲಿ ಕಪ್ಪಾಗುವ ತನಕ ಬಾಡಿಸಿದ ಖಾರ. ನಮ್ಮ ಘಾನಾದಲ್ಲಿ ಹಾಸ್ಟೆಲ್ಲಿಗೆ ಹೊರಟ ಮಕ್ಕಳ ಟ್ರಂಕಿನಲ್ಲಿ ಪುಸ್ತಕ ಇಲ್ಲದಿದ್ದರೆ ನಡೆಯುತ್ತದೆ, ಶಿಟೊ ಡಬ್ಬಿ ಇಲ್ಲದಿದ್ದರೆ ನಡೆಯುವುದಿಲ್ಲ. ಬ್ರಾಗೊಳ ಉದ್ಯಮ ಹುಟ್ಟಿದ್ದೂ ಹಾಗೆಯೇ. ಆಕೆಯ ಮಗಳು ಒಯ್ದ ಡಬ್ಬಿಯನ್ನು ರೂಮಿನ ಹುಡುಗಿಯರು ಬಂದ ವಾರವೇ ನೆಕ್ಕಿ ಖಾಲಿ ಮಾಡಿ, ಇನ್ನೂ ತರಿಸದಿದ್ದರೆ ಮಾತು ಬಿಡುತ್ತೇವೆ ಎಂದು ಹೆದರಿಸಿದರು. ತಾಯಿ ನೆರೆಮನೆಯ ದೊಡ್ಡ ಹಂಡೆ ಕೇಳಿ ತಂದು ಒಲೆಗೇರಿಸಿದಳು. ಆದರೆ ಮಧ್ಯಾಹ್ನದ ಸೆಕೆಗೆ ಸೌಟು ಹಿಡಿದುಕೊಂಡೇ ನಿದ್ದೆ ಹೋದಳು. ತಿರುವದೆ ಬಿಟ್ಟ ಶಿಟೊ ಸೀದು ಇದ್ದಿಲಾಗುವುದು ಲೋಕನಿಯಮ. ಎಚ್ಚರಾಗಿ ನೋಡಿದರೆ ಹಂಡೆಯೊಳಗಿದ್ದದ್ದು ಆಕೆ ಜನ್ಮದಲ್ಲಿ ಮಾಡಿರದಂಥ ರುಚಿಯ ಶಿಟೊ.

"ನಾನು ಗೊರಕೆ ಹೊಡೀತಿದ್ದೆ. ಸೌಟು ತಿರುವಿದವನು ಅವನು" ಎಂದು ಆಕೆ ಕಂಡವರಿಗೆಲ್ಲ ಹೇಳಿದಳು. ಅಂಗಡಿಗೆ ಬೋರ್ಡು ಬರೆಸುವಾಗ ಅದನ್ನೇ ಬರೆಸಿದಳು: ದೇವರ ದಯೆ ಶಿಟೊ. ಸ್ಥಾಪಕರು: ದೇವರು. ಉಸ್ತುವಾರಿ: ಮಾಮೆ ಬ್ರಾಗೊ.

ಪಕ್ಕದಲ್ಲಿ "ಅವಸರವೇನಿಲ್ಲ ಶವಪೆಟ್ಟಿಗೆ ಕಾರ್ಖಾನೆ", ಎದುರಿಗೆ "ಜೀವಶ್ವಾಸ ಪಂಕ್ಚರ್ ಶಾಪ್" ಇರುವ ಬೀದಿಯಲ್ಲಿ ಈ ಬೋರ್ಡನ್ನು ಯಾರೂ ಎರಡು ಸಲ ಓದಿರಲಿಲ್ಲ. ಓದಿದವರು ಮಾನ್ಯತಾ ಕಚೇರಿಯ ನಿರ್ದೇಶಕ ಅಂಪೊನ್ಸಾ ಅವರು. ಅವರು ನಗುವವರಲ್ಲ. ಭಾನುವಾರ ಚರ್ಚಿನಲ್ಲಿ ಕರವಸ್ತ್ರ ಬೀಸುತ್ತ ಕುಣಿಯುವಾಗಲೂ ನಗುವುದಿಲ್ಲ.

"ಸ್ಥಾಪಕರ ಹುಟ್ಟೂರು ಖಾಲಿ ಬಿಟ್ಟಿದ್ದೀರಿ" ಎಂದರು, ಬ್ರಾಗೊಳ ಅರ್ಜಿಯನ್ನು ಬೆಳಕಿಗೆ ಹಿಡಿದು.

"ಅವನು ಹುಟ್ಟಿದವನಲ್ಲ ಸರ್. ಮೊದಲಿಂದಲೂ ಇದ್ದಾನೆ."

"ಹುಟ್ಟದೇ ಇರೋರು ಸ್ಥಳೀಯರಾಗೋದು ಹೇಗಮ್ಮ?" ಅವರು ನಿಯಮಾವಳಿ ತೆಗೆದು ಓದಿದರು: "ಸ್ಥಾಪಕರು ಪ್ರಾಂತ್ಯದ ಗಡಿಯೊಳಗೆ ಹುಟ್ಟಿದವರಾಗಿರತಕ್ಕದ್ದು. ಗಡಿರೇಖೆಯ ಮೇಲೆಯೇ ಹುಟ್ಟಿದವರು ಆ ಸಮಯದಲ್ಲಿ ತಲೆ ಯಾವ ಕಡೆಗಿತ್ತೆಂಬುದಕ್ಕೆ ಸಾಕ್ಷಿ ಒದಗಿಸತಕ್ಕದ್ದು." ಪುಸ್ತಕ ಮುಚ್ಚಿ, "ಹೋಗಲಿ, ಈಗ ವಾಸ ಎಲ್ಲಿ?" ಎಂದರು.

"ಎಲ್ಲಾ ಕಡೆ."

"ಆಕ್ರಾದಲ್ಲೂ?"

"ಅಲ್ಲೂ ಇದ್ದಾನೆ ಸರ್. ಅಲ್ಲಿನ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡೋರೆಲ್ಲ ಅವನನ್ನೇ ಕರೀತಾರೆ."

"ಲಂಡನ್? ಚೀನಾ?"

"ಇರದೇ ಏನು!"

ಅಂಪೊನ್ಸಾ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಇದು ಬಹುರಾಷ್ಟ್ರೀಯ ಕಂಪನಿ. ನೋಡಿ ಮಾಮೆ, ನಾನೂ ನಿಮ್ಮ ಶಿಟೊ ತಿಂದು ಓದಿದವನೇ. ಅವರ ಹೆಸರು ಹೊಡೆದು ನಿಮ್ಮ ಹೆಸರು ಹಾಕಿ. ಸೀಲು ಇಲ್ಲೇ ಇದೆ."

"ಸುಳ್ಳು ಬರೀಲಾ ಸರ್?"

"ಸರ್ಕಾರಿ ಕಾಗದದಲ್ಲಿ ಸುಳ್ಳು ನಿಜ ಅಂತ ಇರೋದಿಲ್ಲಮ್ಮ. ತುಂಬಿದ್ದು, ಬಿಟ್ಟಿದ್ದು ಅಂತ ಎರಡೇ."

ಬ್ರಾಗೊ ಒಪ್ಪಲಿಲ್ಲ. ಶೆಡ್ಡು ಹೋದರೆ ತಾನೂ, ತನ್ನ ಜೊತೆ ಈರುಳ್ಳಿ ಹೆಚ್ಚುವ ಹೆಂಗಸರೂ ಬೀದಿಗೆ ಬೀಳುತ್ತೇವೆಂದು ಆಕೆಗೆ ಗೊತ್ತಿತ್ತು. ಆದರೂ ಮಲಗಿದ್ದವಳು ಸೌಟು ತಿರುವಿದೆ ಎಂದು ಬರೆಯುವುದಕ್ಕೆ ಕೈ ಏಳಲಿಲ್ಲ. ಅದರ ಬದಲು ತನ್ನ ಚರ್ಚಿನ ಪಾದ್ರಿಯನ್ನು ಕರೆತಂದಳು. ಸ್ಥಾಪಕರು ಮಾರ್ಕೆಟ್ ರಸ್ತೆಯ ತಮ್ಮ ಚರ್ಚಿನಲ್ಲೇ ಕಾಯಂ ವಾಸವಾಗಿದ್ದಾರೆಂದು ಪಾದ್ರಿ ಲಿಖಿತ ಹೇಳಿಕೆ ಕೊಟ್ಟರು. ಸುದ್ದಿ ತಿಳಿದ ಉಳಿದ ಪಾದ್ರಿಗಳು ಸುಮ್ಮನಿರುತ್ತಾರೆಯೇ? ಸ್ಥಾಪಕರು ಆ ಚರ್ಚಿಗೆ ಎಂದೂ ಕಾಲಿಟ್ಟಿಲ್ಲ, ಇರುವುದು ನಮ್ಮಲ್ಲಿ ಎಂದು ಒಬ್ಬೊಬ್ಬರೂ ಒಂದೊಂದು ಹೇಳಿಕೆ ಹಿಡಿದು ಬಂದರು. ಇಷ್ಟೊಂದು ವಿಳಾಸವಿರುವವರು ತೆರಿಗೆ ತಪ್ಪಿಸಿಕೊಳ್ಳಲೆಂದೇ ಹಾಗೆ ಮಾಡಿರುತ್ತಾರೆ ಎಂಬುದು ಅಂಪೊನ್ಸಾ ಅವರ ಅನುಭವ. ಮರುದಿನ ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಯಲಾಯಿತು: "ವಿದೇಶಿ ಸಂಸ್ಥೆ. ಕೂಡಲೇ ತೆರವು ಮಾಡತಕ್ಕದ್ದು."

ಹೆಂಗಸರು ಗೋಡೆ ನೋಡಿ ಅತ್ತರು. ಬ್ರಾಗೊ ಅಳಲಿಲ್ಲ, ಬೈದಳು. ಕಚೇರಿಯನ್ನು ಬೈದಳು, ಪಾದ್ರಿಯನ್ನು ಬೈದಳು, ಕೊನೆಗೆ ಆಕಾಶ ನೋಡಿ, "ನೀನಾದರೂ ಒಂದು ಊರಲ್ಲಿ ನೆಟ್ಟಗೆ ಹುಟ್ಟಬಾರದಿತ್ತಾ!" ಎಂದು ಸ್ಥಾಪಕರನ್ನೂ ಬೈದಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಒಂದು ಸಂಸ್ಥೆ ವಿದೇಶಿ ಎಂದು ಸಾಬೀತಾದ ಕೂಡಲೇ ಅದರ ಕಡತ ಮೇಲಿನ ಮಹಡಿಗೆ ಹೋಗಬೇಕೆಂದು ನಿಯಮವಿದೆ. ಮೇಲಿನ ಮಹಡಿಯಲ್ಲಿರುವುದು ವಿದೇಶಿ ಹೂಡಿಕೆ ಸ್ವಾಗತ ವಿಭಾಗ. ಅದರ ಹೆಚ್ಚುವರಿ ಪ್ರಭಾರವೂ ಅಂಪೊನ್ಸಾ ಅವರದೇ. ಅಲ್ಲಿಂದ ಕರೆ ಬಂದು ಬ್ರಾಗೊ ಮೆಟ್ಟಿಲು ಹತ್ತಿ ಹೋದಾಗ ಅವರು ಎದ್ದು ನಿಂತು, ಎರಡೂ ಕೈ ಚಾಚಿ, ಬಾಯ್ತುಂಬ ನಗುತ್ತಿದ್ದರು. ನಗು ಕೆಳಗಿನ ಮಹಡಿಗೆ ಮಂಜೂರಾಗಿರಲಿಲ್ಲ, ಅಷ್ಟೇ.

"ಬನ್ನಿ ಮೇಡಂ, ಬನ್ನಿ! ಕೂತ್ಕೊಳ್ಳಿ. ಏನು ತಗೋತೀರಿ, ತಣ್ಣಗೆ ಏನಾದರೂ?"

ಬ್ರಾಗೊ ಯಾರು ಬಂದರೆಂದು ಹಿಂದೆ ತಿರುಗಿ ನೋಡಿದಳು.

"ನಿಮಗೇ ಹೇಳ್ತಿರೋದು. ತಾವು ಸ್ಥಾಪಕರ ಸ್ಥಳೀಯ ಪ್ರತಿನಿಧಿಗಳು."

"ನಿನ್ನೆ ನನ್ನ ಶೆಡ್ಡಿಗೆ ಕೆಂಪು ಬಣ್ಣ ಬಳಿಸಿದವರು ನೀವೇ ಅಲ್ವಾ ಸರ್?"

"ಅದು ಕೆಳಗಿನವರು ಮೇಡಂ. ಅವರಿಗೆ ಹೂಡಿಕೆದಾರರ ಜೊತೆ ಹೇಗೆ ನಡ್ಕೋಬೇಕು ಅಂತಾನೇ ಗೊತ್ತಿಲ್ಲ."

ವಿದೇಶಿ ಹೂಡಿಕೆದಾರರಿಗೆ ಸಲ್ಲತಕ್ಕ ಸೌಲಭ್ಯಗಳು ಸಲ್ಲತೊಡಗಿದವು. ಹಳೆಯ ಶೆಡ್ಡಿನ ಜಾಗವೂ ಸೇರಿದಂತೆ ನಿಲ್ದಾಣದ ಅರ್ಧ ಆವರಣ ಕಂಪನಿಗೆ ಉಚಿತವಾಗಿ ಬಂತು. ತೆರಿಗೆ ರಜೆ ಬಂತು. ಊರೆಲ್ಲ ಕರೆಂಟಿನ ಕಣ್ಣಾಮುಚ್ಚಾಲೆಯಲ್ಲಿ ತಡಕಾಡುತ್ತಿದ್ದಾಗ ಬ್ರಾಗೊಳ ಮೆಣಸು ಬೀಸುವ ಗಿರಣಿಗೆ ಮಾತ್ರ ಎಂದೂ ಹೋಗದ ಲೈನು ಎಳೆದರು. ಲಾಭವನ್ನು ಸ್ವದೇಶಕ್ಕೆ ಒಯ್ಯುವ ಪೂರ್ಣ ಹಕ್ಕು ಸ್ಥಾಪಕರಿಗಿದೆ ಎಂಬ ಪತ್ರವೂ ಬಂದು, ಆ ಲಾಭವನ್ನು ತಲುಪಿಸಿಕೊಡುವ ಜವಾಬ್ದಾರಿ ಹೊರಲು ಪಾದ್ರಿಗಳೆಲ್ಲರೂ ಸಾಲಾಗಿ ಬಂದು ನಿಂತರು. "ಅವನು ಬಂದು ಕೇಳಲಿ, ಕೈಗೇ ಕೊಡ್ತೀನಿ" ಎಂದು ಬ್ರಾಗೊ ಅವರನ್ನು ಒಂದೊಂದು ಡಬ್ಬಿ ಶಿಟೊ ಕೊಟ್ಟು ಸಾಗಹಾಕಿದಳು.

ವಿದೇಶಿ ಕಂಪನಿ ಸ್ಥಳೀಯರಿಗೆ ಉದ್ಯೋಗ ಕೊಡಬೇಕೆಂಬುದು ಇದ್ದ ಒಂದೇ ಷರತ್ತು. ಆ ಪ್ರಕಾರ ಸೃಷ್ಟಿಯಾದ ಮೊದಲ ಉದ್ಯೋಗ ಸ್ವತಃ ಬ್ರಾಗೊಳದು ಎಂದು ನಮೂದಾಯಿತು. ಆಕೆಗೆ ಗುರುತಿನ ಚೀಟಿ ಕೊಟ್ಟರು. ಶಿಟೊ ಕುಮಾಸಿ ದಾಟಿ ಆಕ್ರಾ ತಲುಪಿತು.

ಇದನ್ನೆಲ್ಲ ಪಕ್ಕದ ಶವಪೆಟ್ಟಿಗೆಯ ತವಿಯಾ ನೋಡುತ್ತಿದ್ದ. ಅವನದು ಅಜ್ಜನ ಕಾಲದ ಕಾರ್ಖಾನೆ. ಅಪ್ಪಟ ಸ್ಥಳೀಯನೆಂದು ಮಾನ್ಯತಾ ಪತ್ರ ಪಡೆದವರಲ್ಲಿ ಅವನೇ ಮೊದಲಿಗ. ಅದರ ಫಲವಾಗಿ ವಾರಕ್ಕೊಬ್ಬ ಇನ್‌ಸ್ಪೆಕ್ಟರು ಬಂದು ಪೆಟ್ಟಿಗೆಗಳಲ್ಲಿ ಗಾಳಿ ಬೆಳಕು ಸಾಲದೆಂದು ದಂಡ ಹಾಕಿ ಹೋಗುತ್ತಿದ್ದ.

"ಅಕ್ಕಾ, ನಾನೂ ಬೋರ್ಡು ಬದಲಾಯಿಸೋಣ ಅಂತಿದ್ದೀನಿ. ಅಜ್ಜನ ಹೆಸರು ತೆಗೆದರೆ ಅವನಿಗೆ ಬೇಜಾರಾಗುತ್ತೇನೋ!" ಎಂದ ಒಂದು ದಿನ.

"ಅಜ್ಜ ಈಗ ಎಲ್ಲಿದ್ದಾನೆ?"

"ದೇವರ ಹತ್ತಿರ."

"ಹಾಗಾದ್ರೆ ಹೆಡ್ ಆಫೀಸಲ್ಲೇ ಇದ್ದಾನೆ. ಬದಲಾಯಿಸು ಮಾರಾಯ, ಏನೂ ಅನ್ನೋಲ್ಲ."

ತವಿಯಾ ಬದಲಾಯಿಸಿದ. ಪಂಕ್ಚರ್ ಶಾಪಿನವನು ಬದಲಾಯಿಸಿದ. ಹಜ್ ಮಾಡಿ ಬಂದಿದ್ದ ಕೋಲಾ ಕಾಯಿ ವ್ಯಾಪಾರಿ ಅಲ್ಹಾಜಿ ಸಲ್ಲಿಸಿದ ಅರ್ಜಿಯಲ್ಲಿ ಸ್ಥಾಪಕರ ಹೆಸರು ಬೇರೆ ಇದ್ದುದರಿಂದ ಅಂಪೊನ್ಸಾ ಸ್ಪಷ್ಟನೆ ಕೇಳಿದರು. "ಹೆಸರು ಬೇರೆ ಸರ್, ಯಜಮಾನ ಒಬ್ಬನೇ" ಎಂದ ಅಲ್ಹಾಜಿ. ಸಹೋದರ ಸಂಸ್ಥೆ ಎಂದು ನಮೂದಿಸಿಕೊಳ್ಳಲಾಯಿತು.

ವರ್ಷ ಮುಗಿಯುವ ಹೊತ್ತಿಗೆ ಅಸಾರೆಕ್ರೊಮ್ ಪ್ರಾಂತ್ಯದಲ್ಲಿ ಸ್ಥಳೀಯರು ಸ್ಥಾಪಿಸಿದ ಉದ್ಯಮ ಒಂದೂ ಉಳಿದಿರಲಿಲ್ಲ. ಸ್ವದೇಶಿ ಉದ್ಯಮ ಮಾನ್ಯತಾ ಕಚೇರಿಯಲ್ಲಿ ಬಾಕಿ ಅರ್ಜಿಗಳೂ ಇರಲಿಲ್ಲ. ಒಂದೇ ಒಂದು ಅರ್ಜಿಯೂ ಕೊಳೆಯದ ದೇಶದ ಏಕೈಕ ಕಚೇರಿ ಎಂದು ಅದಕ್ಕೆ ಪ್ರಶಸ್ತಿ ಬಂತು, ಸಿಬ್ಬಂದಿಯನ್ನು ಇಮ್ಮಡಿ ಮಾಡಲಾಯಿತು.

ಬ್ರಾಗೊಳ ಹೊಸ ಕಾರ್ಖಾನೆಯ ಉದ್ಘಾಟನೆಗೆ ಆಕ್ರಾದಿಂದ ಮಂತ್ರಿಗಳು ಬಂದರು. ವೇದಿಕೆಯ ಮಧ್ಯದ ದೊಡ್ಡ ಕುರ್ಚಿಯನ್ನು ಸ್ಥಾಪಕರಿಗಾಗಿ ಬಿಡಲಾಗಿತ್ತು. ಮುಂದೆ ನೀರಿನ ಬಾಟಲಿಯನ್ನೂ ಇಡಲಾಗಿತ್ತು. ಮಂತ್ರಿಗಳು ಬಹಳ ಹೊತ್ತು ಕಾದರು. ತಾವು ಇತರರನ್ನು ಕಾಯಿಸುವಷ್ಟೇ ಹೊತ್ತು ಇವರೂ ಕಾಯಿಸಿದ್ದರಿಂದ, ಆಸಾಮಿ ನಿಜಕ್ಕೂ ದೊಡ್ಡವರೇ ಇರಬೇಕೆಂದು ಅವರಿಗೆ ಮನವರಿಕೆಯಾಯಿತು. ಭಾಷಣ ಶುರುಮಾಡಿದರು.

"ಎಲ್ಲಿಂದಲೋ ಬಂದು ನಮ್ಮ ಮಣ್ಣಲ್ಲಿ ನಂಬಿಕೆ ಇಟ್ಟ ಈ ಮಹನೀಯರನ್ನು ನೋಡಿ ನಮ್ಮವರು ಕಲೀಬೇಕು. ನಮ್ಮ ಹೆಂಗಸರೂ ಮನೇಲಿ ಶಿಟೊ ಮಾಡ್ತಾರೆ. ಆದರೆ ಅದನ್ನೊಂದು ಉದ್ಯಮ ಮಾಡೋ ದೂರದೃಷ್ಟಿ ನಮ್ಮವರಿಗೆಲ್ಲಿದೆ?" ಮೆಕ್ಕೆಜೋಳದ ಹಿಟ್ಟಿನ ಕೆಂಕೆ ಉಂಡೆಯ ತುದಿಗೆ ಶಿಟೊ ಹಚ್ಚಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಆಹಾ! ಹೊರಗಿನವರ ಕೈರುಚಿಯೇ ಬೇರೆ. ನಮ್ಮವರ ಕೈಯಲ್ಲಿ ಇದು ಆಗದ ಮಾತು."

ಬ್ರಾಗೊಳ ಮೈಯೆಲ್ಲ ಉರಿದುಹೋಯಿತು. ಬೆಳಗಿನ ಕೋಳಿ ಕೂಗುವ ಮೊದಲೇ ಎದ್ದು, ಕಣ್ಣಿಗೆ ಹೊಗೆ ತುಂಬಿಕೊಂಡು, ಒಂದು ಗಳಿಗೆ ರೆಪ್ಪೆ ಮುಚ್ಚದೆ ಆ ಹಂಡೆಯ ಮುಂದೆ ನಿಂತವಳು ಆಕೆ.

"ನಾನು ಮಾಡಿದ್ದು!" ಎಂದಳು. "ಇದನ್ನು ನಾನೇ ಮಾಡಿದ್ದು ಸ್ವಾಮಿ, ಈ ಎರಡು ಕೈಯಲ್ಲಿ!"

ಈರುಳ್ಳಿ ಹೆಚ್ಚುವ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಅಂಪೊನ್ಸಾ ಬಗ್ಗಿ ಆಕೆಯ ಕಿವಿಯಲ್ಲಿ, "ಮೇಡಂ, ಇನ್ನೊಂದು ಸಲ ಹಾಗಂದ್ರೆ ನಿಮ್ಮನ್ನು ಕೆಳಗಿನ ಮಹಡಿಗೆ ಕಳಿಸಬೇಕಾಗುತ್ತೆ" ಎಂದರು. ಸ್ವರ ಮೆಲುವಾಗಿತ್ತು, ನಗು ಹಾಗೇ ಇತ್ತು.

"ಏನಂದಿರಿ ತಾಯಿ?" ಎಂದರು ಮಂತ್ರಿಗಳು. "ಯಾರು ಮಾಡಿದ್ದು?"

ಬ್ರಾಗೊ ಹೆಂಗಸರ ಮುಖ ನೋಡಿದಳು. ಖಾಲಿ ಕುರ್ಚಿಯ ಕಡೆ ನೋಡಲು ನಾಚಿಕೆಯಾಯಿತು. ಇಷ್ಟು ವರ್ಷ ನಿಜವೆಂದು ಹೇಳುತ್ತ ಬಂದದ್ದನ್ನು ಆಕೆ ಅಂದು ಮೊದಲ ಸಲ ಸುಳ್ಳಾಗಿ ಹೇಳಿದಳು.

"ಅವನೇ" ಎಂದಳು.

ಆಮೆನ್ ಎಂದರು ಎಲ್ಲರೂ. ಅಂಪೊನ್ಸಾ ಅವರದು ಎಲ್ಲರಿಗಿಂತ ಸ್ವಲ್ಪ ಜೋರಾಗಿತ್ತು.