ಹದಿನಾಲ್ಕು ಗೇಣು

ಎರಡನೇ ಕ್ಲಾಸಿನ ಶಿವಲೀಲಾಗೆ ಮಿಸ್ಸು ಕೊಟ್ಟ ಮನೆಗೆಲಸ ತೀರಾ ಸಣ್ಣದು: ಏನನ್ನಾದರೂ ಗೇಣಿನಲ್ಲಿ ಅಳೆದುಕೊಂಡು ಬರಬೇಕು. ಅವಳು ಮಂಚವನ್ನೋ ಬಾಗಿಲನ್ನೋ ಅಳೆದಿದ್ದರೆ ನ್ಯಾಮತಿಯ ಆ ಓಣಿಯಲ್ಲಿ ಭಾನುವಾರ ತಣ್ಣಗೆ ಕಳೆಯುತ್ತಿತ್ತು. ಆದರೆ ಅವಳಪ್ಪ ಮಹಾಂತೇಶನಿಗೆ ಉಮೇದು ಜಾಸ್ತಿ. ಪಂಪ್‌ಸೆಟ್ ರಿಪೇರಿ ಮಾಡುವ ಅವನ ಓದು ಎಸ್ಸೆಸ್ಸೆಲ್ಸಿ ಗಣಿತದ ಹತ್ತಿರ ಕೆಟ್ಟು ನಿಂತದ್ದು ಮತ್ತೆ ಚಾಲೂ ಆಗಿರಲಿಲ್ಲ. ಮಗಳಾದರೂ ಲೆಕ್ಕದಲ್ಲಿ ಹುಲಿಯಾಗಲಿ ಎಂದು ಆಸೆ.

"ಒಳಗೇನು ಅಳೀತಿಯವ್ವ? ಹೊರಗೆ ಬಾ, ಸಂದಿ ಅಳಿ. ನಮ್ಮ ಗೋಡೆಯಿಂದ ಚರಂಡಿ ತನಕ" ಎಂದ.

ಆ ಸಂದಿ ಅವನ ಮನೆಗೂ ಗಿಡ್ಡಪ್ಪನ ಮನೆಗೂ ನಡುವಿನದು. ನಟ್ಟನಡುವೆ ಹರಿಯುವ ಚರಂಡಿಯೇ ಗಡಿ. ಅದಕ್ಕೆ ಒತ್ತಿಕೊಂಡೇ ಮಹಾಂತೇಶ ಹೆಂಡತಿ ಶಾಂತಲಾಳಿಗೆ ಹೊಸದಾಗಿ ಬಟ್ಟೆ ಒಗೆಯುವ ಕಲ್ಲು ಹಾಕಿಸಿದ್ದ. ಶಾಂತಲಾ ಅವತ್ತು ಹೊನ್ನಾಳಿಗೆ ತಂಗಿಯ ಮನೆಗೆ ಹೋಗಿದ್ದಳು.

ಶಿವಲೀಲಾ ಕಪ್ಪೆಯಂತೆ ಕುಪ್ಪಳಿಸುತ್ತ ಅಳೆದಳು. "ಹದಿನಾಲ್ಕು ಗೇಣು, ಅಪ್ಪ!"

"ಕೇಳಿದ್ರೇನ್ರೀ? ಹದಿನಾಲ್ಕು!" ಮಹಾಂತೇಶ ಓಣಿಗೆಲ್ಲ ಕೇಳುವಂತೆ ಸಾರಿದ. "ನನ್ನ ಮಗಳ ಲೆಕ್ಕ ಅಂದ್ರೆ ಲೆಕ್ಕ!"

ಆಚೆ ಪಾತ್ರೆ ತಿಕ್ಕುತ್ತಿದ್ದ ಗಿಡ್ಡಪ್ಪನ ಹೆಂಡತಿ ಅನ್ನಪೂರ್ಣಳಿಗೆ ಕುತೂಹಲವಾಯಿತು. ಕೈ ಒರೆಸಿಕೊಂಡು ತನ್ನ ಕಡೆ ಅಳೆದಳು. ಒಂಬತ್ತೇ!

"ರೀ, ಬರ್ರಿ ಹೊರಗೆ! ಅವರದು ಹದಿನಾಲ್ಕಂತೆ, ನಮ್ಮದು ಒಂಬತ್ತೇ!"

ಗಿಡ್ಡಪ್ಪ ಹೊರಬಂದ. ಹೆಸರಷ್ಟೇ ಗಿಡ್ಡ; ಸ್ವಂತ ಬಾಗಿಲಿಗೇ ತಲೆ ಬಗ್ಗಿಸಿ ದಾಟುವ ಆಳು, ಮೊರದಗಲದ ಅಂಗೈ. ಅವನು ಅಳೆದಾಗ ಎಂಟೂ ತುಂಬಲಿಲ್ಲ.

"ಇವಳು ಅಳೆದು ನಾನು ಬರೋದ್ರಾಗೆ ಇನ್ನೊಂದು ಗೇಣು ಮಾಯ ಆಗೈತಲ್ರೀ!" ಎಂದು ಗುಡುಗಿದ.

ಕಣ್ಣಿಗೇನೋ ಎರಡೂ ಕಡೆ ಒಂದೇ ಥರ ಕಾಣುತ್ತಿತ್ತು. ಆದರೆ ಲೆಕ್ಕ ಬಂದ ಮೇಲೆ ಕಣ್ಣಿನ ಮಾತು ಯಾರು ಕೇಳುತ್ತಾರೆ?

"ಅಣ್ಣಾರೆ, ಎಲ್ಲೋ ತಪ್ಪಾಗೈತೆ" ಎಂದ ಮಹಾಂತೇಶ.

"ಯಾರದು ತಪ್ಪು? ನಿಮ್ಮ ಮಗಳದಾ?"

ಮಹಾಂತೇಶ ಮಗಳತ್ತ ನೋಡಿದ. ಅವಳು ಕಣ್ಣರಳಿಸಿ ಅವನನ್ನೇ ನೋಡುತ್ತಿದ್ದಳು. ಇಡೀ ಓಣಿಯೆದುರು ಅವಳ ಲೆಕ್ಕ ತಪ್ಪೆಂದು ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ.

"ಇಲ್ಲ. ಅವಳದು ಸರಿಯಾಗೇ ಐತೆ."

ಅಷ್ಟರಲ್ಲಿ ಎದುರುಮನೆಯ ಅಜ್ಜಮ್ಮ ಬಂದು ಮೆಟ್ಟಿಲ ಮೇಲೆ ನ್ಯಾಯಕ್ಕೆ ಕೂತಳು. ಎಲೆಅಡಿಕೆ ಬಾಯಿಗಿಟ್ಟು, "ಕೂಸು ಸುಳ್ಳು ಹೇಳಂಗಿಲ್ಲ. ಹದಿನಾಲ್ಕಕ್ಕೂ ಎಂಟಕ್ಕೂ ಆರು ಫರಕು. ಚರಂಡೀನ ಮೂರು ಗೇಣು ಮಹಾಂತೇಶನ ಕಡೆ ಸರಿಸಿಬಿಡ್ರಿ, ಜಗಳ ಯಾಕೆ?" ಎಂದಳು.

"ಯಾರ ಗೇಣಿನಾಗೆ?" ಯಾರೋ ಕೇಳಿದರು.

"ನಂದೇ ಐತಲ್ಲ!" ಗಿಡ್ಡಪ್ಪ ಕೈ ಚಾಚಿದ.

ಸಂಜೆಯ ಹೊತ್ತಿಗೆ ಒಗೆಯುವ ಕಲ್ಲು ಕಿತ್ತಾಗಿತ್ತು, ಚರಂಡಿ ಸರಿದಿತ್ತು. ಅಂಗೈ ತುಂಬ ಬೊಬ್ಬೆ ಎದ್ದ ಮಹಾಂತೇಶ ಗೋಡೆಗೊರಗಿ ಕೂತ.

"ನೋಡಿದೇನವ್ವ? ನಿನ್ನ ಲೆಕ್ಕ ತಪ್ಪು ಅನ್ನಾಕೆ ಯಾರನ್ನೂ ಬಿಡಲಿಲ್ಲ."

"ಯಾರದೂ ತಪ್ಪಿರಲಿಲ್ಲ, ಅಪ್ಪ. ನಂದು ಸಣ್ಣ ಕೈ, ಗಿಡ್ಡಪ್ಪ ಮಾಮಂದು ದೊಡ್ಡ ಕೈ. ನೀವೆಲ್ಲ ಜಗಳ ಮಾಡುವಾಗ ನಾನು ಅವರ ಕಡೇನೂ ಅಳೆದೆ. ಅದೂ ಹದಿನಾಲ್ಕೇ ಇತ್ತು."

ಮಹಾಂತೇಶ ಚೇಳು ಕಡಿದವನಂತೆ ಎದ್ದ. "ಮತ್ತೆ ಆಗಲೇ ಬಾಯಿ ಬಿಡಾಕೆ ಏನಾಗಿತ್ತೇ ನಿಂಗೆ!"

"ಉತ್ತರ ಗೊತ್ತಿದ್ರೂ ಪಕ್ಕದೋರಿಗೆ ಹೇಳ್ಬಾರದು ಅಂತ ಮಿಸ್ಸು ಹೇಳ್ಯಾರೆ. ಅವರವರೇ ಯೋಚ್ನೆ ಮಾಡಿ ಕಂಡುಹಿಡೀಬೇಕಂತೆ."

ಹಿಂದಿನಿಂದ ಬ್ಯಾಗು ದೊಪ್ಪನೆ ಬಿದ್ದ ಸದ್ದಾಯಿತು. ಹೊನ್ನಾಳಿ ಬಸ್ಸಿಳಿದು ಬಂದ ಶಾಂತಲಾ ಸಂದಿಯನ್ನೇ ನೋಡುತ್ತ ನಿಂತಿದ್ದಳು.

"ರೀ, ನನ್ನ ಕಲ್ಲೆಲ್ಲಿ?"

ಮಹಾಂತೇಶ ದಿಕ್ಕು ತೋಚದೆ, ಏನಾದರೂ ಹೇಳಿ ಉಳಿಸು ಎಂಬಂತೆ ಮಗಳತ್ತ ನೋಡಿದ. ಶಿವಲೀಲಾ ತುಟಿಯ ಮೇಲೆ ಬೆರಳಿಟ್ಟುಕೊಂಡು ಮಿಸ್ಸಿನಷ್ಟೇ ಅಕ್ಕರೆಯಿಂದ ಹೇಳಿದಳು:

"ಅವಸರ ಬ್ಯಾಡ ಅಪ್ಪ. ನೀನೇ ಯೋಚ್ನೆ ಮಾಡು."