ಕುಣಿತದ ನೆಲಕ್ಕೆ ಹದಿನಾರರ ಕಾಳು

ಎಲ್ಲ ಶುರುವಾದದ್ದು ಶುಕ್ರವಾರ ಕಾರ್ಖಾನೆಯ ಊಟದ ಬಿಡುವಿನಲ್ಲಿ, ಬ್ರೆಡ್ಡಿನ ಮೇಲೆ ಕಂದು ಚೀಸ್ ಇಟ್ಟುಕೊಳ್ಳುತ್ತಾ ಗುನ್ವೋರ್ ಆಡಿದ ಒಂದೇ ಮಾತಿನಿಂದ.

"ಜಾರಿ ಬೀಳೋದು ಅಂದ್ರೆ ನಂಗೆ ಪ್ರಾಣಭಯ ಕಣೋ ತೋರ್ಲೈವ್. ನೆಲ ಜಾರದೇ ಇದ್ರೆ ನಾಳೆ ಊರಹಬ್ಬದಲ್ಲಿ ನಿನ್ ಜೊತೆ ಕುಣೀತೀನಿ."

ತೋರ್ಲೈವ್‌ನಿಗೆ ರಾತ್ರಿಯಿಡೀ ನಿದ್ದೆಯಿಲ್ಲ. ನಾರ್ವೆಯ ಆ ಕಡಲೂರಿನ ಸಿಲಿಕಾನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಕಬ್ಬಿಣ ಉಜ್ಜುವ ಚೂಪು ಕಾಳು ಜರಡಿ ಹಿಡಿಯುವ ತನಗೆ ಜಾರದ ನೆಲ ಮಾಡುವುದು ಯಾವ ಮಹಾ ಕೆಲಸ! ಶನಿವಾರ ಬೆಳಿಗ್ಗೆ ಸಭಾಭವನ ಸಿಂಗರಿಸಲು ಊರವರೆಲ್ಲ ಸೇರುವಷ್ಟರಲ್ಲಿ ನೆಲಕ್ಕೆ ವಾರ್ನಿಷ್ ಬಳಿದು, ಒಂದು ಡಬ್ಬ ಸಣ್ಣ ಕಾಳು ಹಿಡಿದು ನಿಂತಿದ್ದ.

ಆ ಊರಿನಲ್ಲಿ ಕಾಳಿನ ವಿಷಯಕ್ಕೆ ಸಲಹೆ ಕೊಡದವರುಂಟೇ? ಕುಲುಮೆ ವಿಭಾಗದ ಎಸ್ಪೆನ್ ಡಬ್ಬಕ್ಕೆ ಇಣುಕಿ ನಕ್ಕ.

"ಏನೋ ಇದು, ಮುಖಕ್ಕೆ ಹಚ್ಚೋ ಪೌಡರ್ರಾ? ಇಪ್ಪತ್ನಾಲ್ಕನೇ ನಂಬರ್ ಹಾಕೋ!"

ನಂಬರು ಇಳಿದಷ್ಟೂ ಕಾಳು ದಪ್ಪ. ನಿವೃತ್ತಳಾದ ಹಾಲ್ದಿಸ್ ಅಜ್ಜಿ ಬಿಟ್ಟಾಳೆಯೇ?

"ನಮ್ ಕಾಲದಲ್ಲಿ ಹದಿನಾರಕ್ಕಿಂತ ಮೇಲೆ ಮುಟ್ತಾನೇ ಇರ್ಲಿಲ್ಲ, ಮಗಾ!"

ತನ್ನ ಮನೆ ಮೆಟ್ಟಿಲಿಗೆಂದು ಇಟ್ಟುಕೊಂಡಿದ್ದ ಚೀಲವನ್ನು ಆಕೆ ತಂದೇಬಿಟ್ಟಳು. ತೋರ್ಲೈವ್ "ಬೇಡ, ಬೇಡ" ಎನ್ನುತ್ತಿದ್ದ ಹಾಗೇ ಎಲ್ಲರೂ ಅಕ್ಷತೆ ಎರಚಿದಂತೆ ಕಾಳು ಎರಚಿದರು.

ಮಧ್ಯಾಹ್ನ ವಾರ್ನಿಷ್ ಒಣಗಿತು. ತೋರ್ಲೈವ್ ಒಂದು ಸುತ್ತು ತಿರುಗಲು ನೋಡಿದ. ಮೈ ತಿರುಗಿತು, ಶೂ ಮಾತ್ರ ಅಲ್ಲೇ ಉಳಿಯಿತು. ಓಡಿಹೋಗಿ ಉಜ್ಜುವ ಯಂತ್ರ ತಂದ. ಅದರ ಉಪ್ಪುಕಾಗದಕ್ಕೆ ಅಂಟಿಸಿದ್ದೂ ಅದೇ ಕಾಳು! ಹತ್ತು ಹಾಳೆ ಬೋಳಾದವು, ನೆಲ ಜಪ್ಪಯ್ಯ ಅನ್ನಲಿಲ್ಲ.

ಸಂಜೆ ಪಿಟೀಲು ಮೊಳಗಿತು. ಮೊದಲ ಸುತ್ತಿಗೆ ಕರಕರ ಸದ್ದು, ಎರಡನೆಯದಕ್ಕೆ ಬೆಳ್ಳಿ ಬಕಲಿನ ಹಬ್ಬದ ಶೂಗಳ ಅಟ್ಟೆ ಪುಡಿಪುಡಿ. ಮೂರನೆಯದಕ್ಕೆ ನೆಲದ ಮೇಲೆ ಒಬ್ಬರೂ ಇಲ್ಲ.

"ಯಾರ್ರೀ ಈ ಘನಂದಾರಿ ಕೆಲಸ ಮಾಡಿದ್ದು?" ಎಂದು ಗುಂಪಿನಿಂದ ಯಾರೋ ಕೂಗಿದರು.

"ನಾನು ಬೇಡ ಬೇಡ ಅಂತ ಬಡ್ಕೊಂಡೆ!" ಎಂದ ಎಸ್ಪೆನ್, ತೋರ್ಲೈವ್‌ನತ್ತ ಬೆರಳು ತೋರಿಸುತ್ತಾ.

ತೋರ್ಲೈವ್ ವಾಫಲ್ ತಿಂಡಿಯ ಮೇಜಿನ ಹಿಂದೆ ಅವಿತ. ಅಷ್ಟರಲ್ಲಿ ಹರಿದ ಶೂ ಕೈಯಲ್ಲಿ ಹಿಡಿದು ಗುನ್ವೋರ್ ಓಡಿಬಂದಳು.

"ನೀನಾ ಮಾಡಿದ್ದು?"

"ತಪ್ಪಾಯ್ತು ಮಾರಾಯ್ತಿ..."

"ತಪ್ಪಾ? ಹೆಜ್ಜೆ ಇಟ್ಟಲ್ಲೇ ನಿಂತೆ ಕಣೋ! ಒಂದ್ಸಲಾನೂ ಜಾರ್ಲಿಲ್ಲ!"

ಅವಳು ಅವನ ಎರಡೂ ಕೈ ಹಿಡಿದು ಸಭಾಭವನದ ನಡುವಿಗೆ ಎಳೆದಳು. ತೋರ್ಲೈವ್‌ನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಎಲ್ರೂ ಕೇಳಿ!" ಎಂದು ಕೂಗಿದಳು. "ನಾನು ಮದುವೆ ಆಗ್ತೀನಿ!"

ತೋರ್ಲೈವ್ ಅಂಗಿಯ ಕಾಲರ್ ಸರಿಮಾಡಿಕೊಂಡ.

"ಮೀನುದೋಣಿ ಸಿಗ್ವಾರ್ಟ್‌ನ! ಅವನ ದೋಣೀಲಿ ಜಾರಿ ಕಡಲಿಗೆ ಬೀಳ್ತೀನಿ ಅಂತ ಹೆದರಿ ಎರಡು ವರ್ಷದಿಂದ ಒಲ್ಲೆ ಅಂತಿದ್ದೆ. ಈಗಿನ್ಯಾವ ಭಯ? ತೋರ್ಲೈವ್, ನಾಳೆ ಬೆಳಿಗ್ಗೆ ಬಂದು ದೋಣಿ ಹಲಗೆಗೂ ಹೀಗೇ ಹಾಕ್ಕೊಡ್ತೀಯಲ್ಲ?"

ಮೂಲೆಯಿಂದ ಬರಿಗಾಲಲ್ಲಿ ಎದ್ದುಬಂದ ಸಿಗ್ವಾರ್ಟ್ ಅವನ ಹೆಗಲು ತಟ್ಟಿದ.

"ದಪ್ಪ ಕಾಳೇ ಹಾಕಣ್ಣಾ. ಮತ್ತೆ ಮನಸ್ಸು ಬದಲಾಯಿಸಿಬಿಟ್ಟಾಳು."