ತಂಬಾಕಿಲ್ಲದ ನಮ್ಮ ಮನೆ

ಎಪ್ಪತ್ತರ ದಶಕದಲ್ಲಿ ಬಸವಕಲ್ಯಾಣದ ಮನೆಮನೆಗೆ ಹೋಗಿ "ತಂಬಾಕು ತಿಂತೀರೇನ್ರಿ?" ಎಂದು ಕೇಳುವ ಘನಕಾರ್ಯ ನನ್ನ ಪಾಲಿಗೆ ಬಂದಿತ್ತು. ಬಾಯಿಹುಣ್ಣಿಗೂ ತಂಬಾಕಿಗೂ ನಂಟಿದೆಯೇ ಎಂದು ನಮ್ಮ ಡಾಕ್ಟರು ಪತ್ತೆ ಹಚ್ಚುತ್ತಿದ್ದರು. ನಾನು ಕೇಳುವುದು, ಅವರು ಬಾಯಿ ನೋಡುವುದು. ಇಷ್ಟು ಸುಲಭದ ಕೆಲಸದಲ್ಲಿ ತಪ್ಪಲು ಜಾಗವಾದರೂ ಎಲ್ಲಿದೆ? ನಾನು ಹುಡುಕಿಕೊಂಡೆ!

ಹೆಂಗಸರೆಲ್ಲ "ಛೀ, ಇಲ್ಲರಿ!" ಎಂದು ಕೆನ್ನೆ ಬಡಿದುಕೊಂಡರು. ನಂಬಿದೆ. ಕೊನೆಗೆ ಡಾಕ್ಟರು ತಲೆ ಹಿಡಿದು ಕುಳಿತರು. ತಿನ್ನುವವರಿಗೂ ಹುಣ್ಣು, ತಿನ್ನದವರಿಗೂ ಅಷ್ಟೇ ಹುಣ್ಣು!

"ಅಂದಮ್ಯಾಲ ತಂಬಾಕಿಂದೇನೂ ಕಸೂರಿಲ್ಲ ಬಿಡ್ರಿ ಸಾಹೇಬ್ರ," ಎಂದೆ.

"ನೀನು ತಿನ್ನೋರನ್ನ ತಿನ್ನದವರ ಗುಂಪಿಗೆ ಸೇರಿಸಿದೀಯ ಕಣಯ್ಯ. ಎರಡೂ ಕಲೆತುಹೋದರೆ ವ್ಯತ್ಯಾಸ ಹೇಗೆ ಕಾಣುತ್ತೆ?"

ಪಿತ್ತ ನೆತ್ತಿಗೇರಿತು. "ನಮ್ಮ ಮನಿಯಿಂದನ ಪರೀಕ್ಷಾ ಶುರು ಮಾಡ್ರಿ! ತಂಬಾಕಿನ ಎಸಳು ಸಿಕ್ಕರ ಇಡೀ ಊರು ಮತ್ತ ತಿರಗತೇನಿ!"

ಡಾಕ್ಟರು ಬಂದರೆ ಮನೆಯವಳ ಬಾಯಿಯನ್ನೂ ನೋಡಿಯಾರೆಂಬ ಆಸೆಯೂ ಒಳಗಿತ್ತು. ಹೆಂಡತಿ ಶಾಂತಾಳಿಗೆ ಬಾಯಿಹುಣ್ಣು ಮಾಯುತ್ತಲೇ ಇರಲಿಲ್ಲ. ಖಾರ ಮುಟ್ಟದೆ ಸೊರಗಿದ್ದಳು. ನನಗೆ ಭಯವಾಗಿತ್ತು.

ಮನೆಗೆ ಬಂದ ಡಾಕ್ಟರು ತಂಬಾಕಿನ ಹೆಸರೇ ಎತ್ತಲಿಲ್ಲ. "ಹಲ್ಲು ಯಾವುದರಲ್ಲಿ ಉಜ್ಜುತ್ತೀರಮ್ಮ?"

ಶಾಂತಾ ಹೆಮ್ಮೆಯಿಂದ ಡಬ್ಬಿ ತಂದಳು. "ಮಶೇರಿಲಿಂದ್ರಿ. ತಂಬಾಕು ಹಂಚಿನ ಮ್ಯಾಲ ಕರ್ರಗ ಸುಟ್ಟು ಪುಡಿ ಮಾಡ್ತೇನ್ರಿ. ಮುಂಜಾನೆ, ಉಂಡ ಮ್ಯಾಲ, ಬ್ಯಾಸರಾದಾಗ..."

"ಅದು ತಂಬಾಕಲ್ಲರಿ, ಹಲ್ಲಿನ ಪುಡಿ!" ಗುಡುಗಿದೆ.

"ಹೌದ್ರಿ ಮತ್ತ! ತಿಕ್ಕೂದು, ತಿನ್ನೂದೆಲ್ಲಿ?" ಎಂದಳು ಶಾಂತಾ. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು!

ಡಾಕ್ಟರು ಬ್ಯಾಟರಿ ಬೆಳಕು ಬಿಟ್ಟು ಅವಳ ಬಾಯಿ ನೋಡಿದರು. "ಡಬ್ಬಿ ಬಿಟ್ಟರೆ ಮಾಯುತ್ತೆ." ಜೀವ ಬಂದಂತಾಯಿತು. ಹಾಗೆಂದು ಸೋಲೊಪ್ಪಿದೆನೇ? ಉಹುಂ! "ಪ್ರಶ್ನಾ ನಿಮ್ಮವ್ರಿ ಸಾಹೇಬ್ರ. ನಾ ಬರೇ ಕೇಳಿದಾಂವ!"

"ಅದೂ ನಿಜವೇ," ನಕ್ಕರು. "ಇನ್ನು ಹಲ್ಲು ಉಜ್ಜೋದನ್ನ ಕೇಳು. ಕೆಲವು ಮನೆಗಳಲ್ಲಿ ಡಬ್ಬಿ ತೆಗೆಸಿಯೇ ನೋಡು. ಎಷ್ಟು ತಪ್ಪಿದೆ ಅಂತ ಗೊತ್ತಾದರೆ ಉಳಿದ ಲೆಕ್ಕ ತಿದ್ದಬಹುದು. ಈ ತಂಬಾಕು ಎಲ್ಲಿಂದ ಬರುತ್ತೆ ಅಂತಲೂ ವಿಚಾರಿಸು."

"ಅದಕ್ಕ ಊರು ಯಾಕ ತಿರಗಬೇಕ್ರಿ?" ಎಂದಳು ಶಾಂತಾ. "ಇವರ ತರ್ತಾರ್ರಿ, ಹುಮನಾಬಾದ್ ಸಂತಿಯಿಂದ. ಓಣಿ ಹೆಂಗಸರಿಗೆಲ್ಲಾ ಇವರ ತಂದು ಕೊಡ್ತಾರ!"

ಮರುದಿನ ಎದೆಯುಬ್ಬಿಸಿ, ಚೀಲ ಹೆಗಲಿಗೇರಿಸಿ, ಹೊಸ ಪ್ರಶ್ನೆಯೊಂದಿಗೆ ಹೊರಟೆ. ಮೊದಲ ಮನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಮನೆಯಾಕೆ ನನ್ನ ಚೀಲ ನೋಡಿ ಕೇಳಿದಳು:

"ತಂದ್ರೇನ್ರಿ?"